ನೀರು ಎಲ್ಲಿಯವರೆಗೆ ಬಂತು? ಹಳೆ ಕಾರಿನ ವಾಷರ್ ನೀವೇ ಸರಿ ಮಾಡಿಕೊಳ್ಳಿ

ಸಂಜೆ ಐದೂವರೆ. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆ. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಸೂರ್ಯ ಮುಖಕ್ಕೇ ಹೊಡೆಯುತ್ತಾನೆ. ಮಂಡ್ಯ ದಾಟುವಷ್ಟರಲ್ಲಿ ಗದ್ದೆ ಬಯಲಿನ ಹುಳುಗಳೆಲ್ಲ ಗಾಜಿಗೆ ಅಂಟಿದ್ದವು. ಮುಂದಿದ್ದ ಕಬ್ಬಿನ ಲಾರಿಯ ಧೂಳು ಬೇರೆ. ಗಾಜಿಗೆ ನೀರು ಚಿಮ್ಮಿಸುವ ವಾಷರ್‌ನ ಲಿವರ್ ಎಳೆದೆ. ಒಂದು ಹನಿ ನೀರು ಬರಲಿಲ್ಲ. ಅಭ್ಯಾಸಬಲದಿಂದ ವೈಪರ್ ಹಾಕಿಬಿಟ್ಟೆ. ಹುಳು, ಧೂಳು ಎರಡೂ ಸೇರಿ ಗಾಜಿಗೆ ಸಗಣಿ ಸಾರಿಸಿದ ಹಾಗಾಯಿತು. ಎದುರಿನ ರಸ್ತೆಯೇ ಕಾಣುತ್ತಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಕುಡಿಯುವ ನೀರಿನಲ್ಲೇ ಗಾಜು ತೊಳೆದು ಮುಂದೆ ಹೋದೆ.

ಮರುವಾರ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಮೋಟರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದರು. ಹಾಕಿಸಿದೆ. ಹೊಸ ಮೋಟರ್ ಜೋರಾಗಿಯೇ ಗುಂಯ್ ಅಂದಿತು. ನೀರು ಮಾತ್ರ ಬರಲಿಲ್ಲ! ಆಮೇಲೆ ಮನೆಯಲ್ಲಿ ಕೂತು ನೋಡಿದರೆ ನೀರು ಹೊರಚಿಮ್ಮುವ ಮೂತಿ, ಅಂದರೆ ನಾಜಲ್, ಅದರ ತೂತಿನಲ್ಲಿ ಬೋರ್‌ವೆಲ್ ನೀರಿನ ಉಪ್ಪು ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಒಂದು ಸೂಜಿ, ಸ್ವಲ್ಪ ವಿನೆಗರ್, ಅಷ್ಟರಲ್ಲಿ ಮುಗಿಯುವ ಕೆಲಸ. ನೀರು ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಯಾರೂ ನೋಡಿರಲಿಲ್ಲ, ಅಷ್ಟೇ. ನಾನೂ ನೋಡಿರಲಿಲ್ಲ.

ಈ ಲೇಖನದಲ್ಲಿ ಮಾಡುವುದೂ ಅದನ್ನೇ. ಟ್ಯಾಂಕಿನಿಂದ ಗಾಜಿನವರೆಗೆ ನೀರಿನ ಜೊತೆ ನಡೆದುಕೊಂಡು ಹೋಗುವುದು.

ಮೊದಲು ದಾರಿ ತಿಳಿದುಕೊಳ್ಳಿ

ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಅಲ್ಲಿ ಬಾವಿ, ಮೋಟರ್, ಪೈಪು, ನೀರು ವಾಪಸ್ ಇಳಿಯದ ಹಾಗೆ ತಡೆಯುವ ಫುಟ್‌ವಾಲ್ವ್, ಕೊನೆಗೆ ತೊಟ್ಟಿಕ್ಕುವ ತೂತು. ಇಲ್ಲೂ ಅದೇ ಸಂಸಾರ. ಬಾನೆಟ್ ಕೆಳಗೆ ಒಂದು ಪ್ಲಾಸ್ಟಿಕ್ ಟ್ಯಾಂಕ್. ಅದರ ಬುಡದಲ್ಲಿ ರಬ್ಬರ್ ಬುಷ್‌ಗೆ ಸಿಕ್ಕಿಸಿದ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ 12 ವೋಲ್ಟ್ ಮೋಟರ್. ಅಲ್ಲಿಂದ ಸಣ್ಣ ಟ್ಯೂಬ್. ಬಾನೆಟ್ ಹತ್ತಿರ ಅದು 'ಟಿ' ಅಥವಾ 'ವೈ' ಆಕಾರದ ಜಾಯಿಂಟ್‌ನಲ್ಲಿ ಎರಡಾಗುತ್ತದೆ. ಕೊನೆಗೆ ಎರಡು ನಾಜಲ್. ಮೋಟರಿಗೆ ಕರೆಂಟು ಫ್ಯೂಸ್ ಮತ್ತು ಸ್ಟೀರಿಂಗ್ ಪಕ್ಕದ ಲಿವರ್ ದಾಟಿ ಬರುತ್ತದೆ.

ತೀರಾ ಹಳೆಯ ಕೆಲವು ಕಾರುಗಳಲ್ಲಿ ಮೋಟರೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ ಕೈಯಲ್ಲೇ ಪಂಪ್ ಮಾಡಬೇಕಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಕಥೆ ಇನ್ನೂ ಮಜಾ. ಸ್ಟೆಪ್ನಿ ಟೈರಿನ ಗಾಳಿಯನ್ನೇ ಟ್ಯೂಬಿನಲ್ಲಿ ತಂದು, ಆ ಒತ್ತಡದಿಂದ ನೀರು ಚಿಮ್ಮಿಸುತ್ತಿದ್ದರು. ಜಾಸ್ತಿ ಗಾಜು ತೊಳೆದರೆ ಸ್ಟೆಪ್ನಿಯಲ್ಲಿ ಗಾಳಿ ಕಮ್ಮಿ!

ನಮ್ಮಲ್ಲಿ ಹಳೆ ಕಾರು ಅಂದರೆ ಜಾಸ್ತಿ ಜನರ ಕಣ್ಣ ಮುಂದೆ ಬರುವುದು ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಅದರಲ್ಲಿ ಕೊನೆಯದಕ್ಕೂ ಹತ್ತು ವರ್ಷ ದಾಟಿದೆ. ಟ್ಯೂಬು, ಬುಷ್ಷು ಒಣಗಿ ಸೀಳುವ ವಯಸ್ಸು. ಝೆನ್, ಸ್ಯಾಂಟ್ರೋ, ಇಂಡಿಕಾ, ಅಂಬಾಸಿಡರ್ ಯಾವುದೇ ಇರಲಿ, ಪರೀಕ್ಷೆ ಮಾಡುವ ಕ್ರಮ ಒಂದೇ.

ಏನೇನು ಬೇಕು

ಒಂದು ಮಗ್, ಹೊಲಿಗೆ ಸೂಜಿ ಅಥವಾ ಗುಂಡುಪಿನ್, ಸ್ಕ್ರೂಡ್ರೈವರ್, ಹಳೆ ಹಲ್ಲುಜ್ಜುವ ಬ್ರಷ್, ವಿನೆಗರ್, ಬಿಸಿನೀರು. ಜೊತೆಗೆ ಒಂದು ಟೆಸ್ಟ್ ಬಲ್ಬ್. 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದರೆ ಅದೇ ಟೆಸ್ಟ್ ಬಲ್ಬ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಲಿವರ್ ಎಳೆಯಲು ಒಬ್ಬರು ಬೇಕು. ನನಗೆ ಅಕ್ಕನ ಮಗ ಸಿಕ್ಕಿದ್ದ. ಅರ್ಧ ಗಂಟೆ "ಮಾವ, ಈಗ ಎಳೀಲಾ? ಈಗ?" ಅಂತ ಕೇಳುತ್ತಲೇ ಇದ್ದ. ಇಂಥ ಉತ್ಸಾಹಿ ಇದ್ದರೆ ಮೊದಲೇ ಹೇಳಿಡಿ: ನೀರಿಲ್ಲದೆ ಮೋಟರ್ ಓಡಿಸಬಾರದು, ನೀರಿದ್ದರೂ ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಒಣ ಮೋಟರ್ ಬಿಸಿಯಾಗಿ ಸುಟ್ಟೇ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಬಾನೆಟ್ ಕೆಳಗೆ ಇದೇ ಥರದ ಇನ್ನೊಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಎಂಜಿನ್ ತಣ್ಣಗಿಡುವ ರೇಡಿಯೇಟರ್ ಕೂಲೆಂಟಿನದು. ಎರಡನ್ನೂ ಅದಲುಬದಲು ಮಾಡಿಕೊಂಡವರು ಕಮ್ಮಿಯಿಲ್ಲ. ವಾಷರ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಜು ಮತ್ತು ನೀರಿನ ಚಿತ್ರ ಇರುತ್ತದೆ. ಚಿತ್ರ ಅಳಿಸಿಹೋಗಿದ್ದರೆ ಟ್ಯೂಬ್ ಹಿಡಿದುಕೊಂಡು ನೋಡಿ. ರೇಡಿಯೇಟರ್ ಕಡೆ ಹೋದರೆ ಅದು ನಿಮಗೆ ಬೇಕಾದ್ದಲ್ಲ. ಸೋಪಿನ ನೀರು ಕೂಲೆಂಟಿಗೆ ಸೇರಬಾರದು. ಕೂಲೆಂಟ್ ಗಾಜಿಗೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ ಜಿಡ್ಡು ಹಿಡಿಯುತ್ತದೆ.

ಹೆಜ್ಜೆ 1: ಕಿವಿ ಕೊಡಿ

ಟ್ಯಾಂಕ್ ತುಂಬಿಸಿ. ನಗಬೇಡಿ, ಅರ್ಧ ಕೇಸು ಇಲ್ಲೇ ಮುಗಿಯುತ್ತದೆ. ಎಂಜಿನ್ ಆಫ್ ಇರಲಿ. ಕೀ ಆನ್ ಮಾಡಿ, ಬಾನೆಟ್ ಎತ್ತಿ, ಲಿವರ್ ಎಳೆಯಲು ಹೇಳಿ. ಟ್ಯಾಂಕಿನ ಹತ್ತಿರ ಕಿವಿ ಇಡಿ.

ಗುಂಯ್ ಅನ್ನುವ ಸದ್ದು ಬಂತಾ? ಮೋಟರ್ ಬದುಕಿದೆ. ತೊಂದರೆ ನೀರಿನ ದಾರಿಯಲ್ಲಿದೆ, 2ನೇ ಹೆಜ್ಜೆಗೆ ಹೋಗಿ. ಸದ್ದೇ ಇಲ್ಲವಾ? ತೊಂದರೆ ಕರೆಂಟಿನ ದಾರಿಯಲ್ಲಿರಬಹುದು, ನೇರ 5ನೇ ಹೆಜ್ಜೆಗೆ ಹೋಗಿ.

ಹೆಜ್ಜೆ 2: ಮಗ್ ಪರೀಕ್ಷೆ

ಮೋಟರಿನಿಂದ ಹೊರಡುವ ಟ್ಯೂಬನ್ನು ಮೆಲ್ಲಗೆ ಎಳೆದು ಬಿಚ್ಚಿ. ಹಳೆ ರಬ್ಬರ್ ಗಟ್ಟಿಯಾಗಿದ್ದರೆ ಜಗ್ಗಬೇಡಿ, ಪ್ಲಾಸ್ಟಿಕ್ ಮೂತಿಯೇ ಮುರಿದು ಬರುತ್ತದೆ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒಂದು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಬಿಚ್ಚಿದ ಮೇಲೆ ನೀರು ತಾನಾಗಿಯೇ ಸುರಿಯಬಹುದು. ಮಗ್ ಕೆಳಗೆ ಹಿಡಿದು ಲಿವರ್ ಎಳೆಸಿ.

ನೀರು ಜೋರಾಗಿ ಚಿಮ್ಮಿತಾ? ಮೋಟರ್ ಚೆನ್ನಾಗಿದೆ. ಹೊಸದು ಹಾಕಿ ಅಂತ ಯಾರಾದರೂ ಹೇಳಿದ್ದರೆ ಮರೆತುಬಿಡಿ. ಟ್ಯೂಬ್ ವಾಪಸ್ ಹಾಕಿ, ಮುಂದಿನ ಜಾಯಿಂಟಿನಲ್ಲಿ ಬಿಚ್ಚಿ, ಅಲ್ಲಿಯೂ ಇದೇ ಪರೀಕ್ಷೆ ಮಾಡಿ. ಆಮೇಲೆ ನಾಜಲ್ ಬುಡದಲ್ಲಿ. ಎಲ್ಲಿ ನೀರು ನಿಂತಿತೋ ಅದರ ಹಿಂದಿನ ತುಂಡೇ ಕಳ್ಳ.

ಮೋಟರಿನ ಮೂತಿಯಲ್ಲೇ ನೀರು ಬರದಿದ್ದರೆ ಟ್ಯಾಂಕಿನ ತಳದಲ್ಲಿ ಕೆಸರು ಕೂತಿದೆ ಅಂತ ಅರ್ಥ. ಅಥವಾ ಮೋಟರಿನ ಬಾಯಿಯ ಸಣ್ಣ ಜಾಲರಿ ಕಟ್ಟಿಕೊಂಡಿರಬಹುದು. ಟ್ಯಾಂಕ್ ಖಾಲಿ ಮಾಡಿ, ಕಪ್ಲರ್ (ಮೋಟರಿಗೆ ವೈರ್ ಸಿಕ್ಕಿಸುವ ಪ್ಲಗ್) ತೆಗೆದು, ಮೋಟರನ್ನು ತಿರುಗಿಸುತ್ತಾ ಎಳೆಯಿರಿ. ಬುಷ್‌ನಿಂದ ಹೊರಬರುತ್ತದೆ. ಜಾಲರಿಯನ್ನು ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ.

ಟ್ಯಾಂಕಿನ ಒಳಗೆ ಕೈ ಹೋಗುವುದಿಲ್ಲ. ಪಾಚಿ ಕಟ್ಟಿದ್ದರೆ ಟ್ಯಾಂಕನ್ನು ಬಿಚ್ಚಿ ಹೊರತೆಗೆಯಿರಿ. ಮೋಟರಿನ ತೂತನ್ನು ಬಟ್ಟೆಯಿಂದ ಮುಚ್ಚಿ, ಒಂದು ಹಿಡಿ ಅಕ್ಕಿ ಮತ್ತು ಬಿಸಿನೀರು ಹಾಕಿ ಕುಲುಕಿ. ಕತ್ತು ಸಣ್ಣದಿರುವ ಬಾಟಲಿ ತೊಳೆಯುವ ಅಜ್ಜಿ ಕಾಲದ ಉಪಾಯ. ಆಮೇಲೆ ಅಕ್ಕಿ ಒಂದು ಕಾಳೂ ಉಳಿಯದ ಹಾಗೆ ತೊಳೆಯಿರಿ. ನಾನು ಮೊದಲ ಸಲ ನಾಲ್ಕು ಕಾಳು ಬಿಟ್ಟಿದ್ದೆ. ಅವು ಉಬ್ಬಿ, ಕೊಳೆತು, ಸೀದಾ ಜಾಲರಿಗೆ ಬಂದು ಕೂತವು. ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆ.

ಹೆಜ್ಜೆ 3: ಟ್ಯೂಬ್ ಮತ್ತು ಇಲಿ

ಟ್ಯೂಬ್ ಜಾಸ್ತಿ ಸೀಳುವುದು ಬಾನೆಟ್ ಕೀಲಿನ ಹತ್ತಿರ. ಬಾನೆಟ್ ಎತ್ತಿ ಇಳಿಸಿದಾಗಲೆಲ್ಲ ಅಲ್ಲಿ ಮಡಚಿಕೊಳ್ಳುತ್ತದೆ. ಎಂಜಿನ್ ಕಾವಿಗೆ ರಬ್ಬರ್ ಮೊದಲೇ ಒಣಗಿರುತ್ತದೆ. ಸೀಳದಿದ್ದರೂ ಮಡಿಕೆ ಬಿದ್ದು ನೀರು ನಿಲ್ಲಬಹುದು. ಲಿವರ್ ಎಳೆದಾಗ ಬಾನೆಟ್ ಒಳಭಾಗ ಒದ್ದೆಯಾಗುತ್ತಿದ್ದರೆ ಟ್ಯೂಬ್ ತೂತಾಗಿದೆ ಅಂತಲೇ ಲೆಕ್ಕ.

ಇಲಿ ಕಾಟ ಬೇರೆ. ರಾತ್ರಿ ಕಾರಿನ ಬಿಸಿಗೆ ಬಂದು ಕೂರುವ ಇಲಿಗೆ ಈ ಟ್ಯೂಬ್ ಮುರುಕು ತಿಂದ ಹಾಗೆ. ಕಡಿದ ಗುರುತು ಕಂಡರೆ ಪಕ್ಕದ ವೈರುಗಳನ್ನೂ ನೋಡಿಬಿಡಿ.

ಸೀಳಿದ ಕಡೆ ಟೇಪ್ ಸುತ್ತಿದರೆ ನಿಲ್ಲುವುದಿಲ್ಲ, ಒತ್ತಡಕ್ಕೆ ಬಿಚ್ಚಿಕೊಳ್ಳುತ್ತದೆ. ಸೀಳು ತುದಿಯಲ್ಲಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಸಿಕ್ಕಿಸಿ. ನಡುವೆ ಇದ್ದರೆ ಇಡೀ ಟ್ಯೂಬ್ ಬದಲಾಯಿಸಿ. ಹಳೆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಮುರಿದ ನಾಜಲ್, ಟ್ಯಾಂಕ್ ಥರದ್ದು ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಬಹುದು. ಅರ್ಜೆಂಟಿಗೆ ಮೀನಿನ ತೊಟ್ಟಿಗೆ ಗಾಳಿ ಬಿಡುವ 4 ಮಿಲಿಮೀಟರ್ ಒಳ ಅಳತೆಯ ಪಾರದರ್ಶಕ ಟ್ಯೂಬ್ ಕೂಡ ಎಷ್ಟೋ ಕಾರುಗಳಿಗೆ ಕೂರುತ್ತದೆ. ಎಂಜಿನ್ ಕಾವಿಗೆ ಮೆತ್ತಗಾಗಿ ಜಾರುವುದು ಅದರ ಸ್ವಭಾವ. ನಾಲ್ಕು ದಿನಕ್ಕೆ ಸರಿ, ನಾಲ್ಕು ವರ್ಷಕ್ಕೆ ರಬ್ಬರ್ ಟ್ಯೂಬೇ ಬೇಕು.

ಇನ್ನೊಂದು ಕಾಯಿಲೆ ಇದೆ. ಬೆಳಿಗ್ಗೆ ಮೊದಲ ಸಲ ಎಳೆದಾಗ ನಾಲ್ಕೈದು ಸೆಕೆಂಡು ನೀರೇ ಇಲ್ಲ, ಆಮೇಲೆ ಸರಿಯಾಗಿ ಬರುತ್ತದೆ. ಟ್ಯೂಬಿನಲ್ಲಿದ್ದ ನೀರು ರಾತ್ರಿ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಬಾವಿಯ ಫುಟ್‌ವಾಲ್ವ್ ಹೋದರೆ ಮೋಟರಿಗೆ ನೀರು ಕುಡಿಸಿ ಸ್ಟಾರ್ಟ್ ಮಾಡುತ್ತೇವಲ್ಲ, ಅದೇ ಕಥೆ. ಟ್ಯೂಬಿನ ನಡುವೆ ಸಣ್ಣ ಒನ್‌ವೇ ವಾಲ್ವ್ ಹಾಕಿದರೆ ಸರಿಹೋಗುತ್ತದೆ. ಅದರ ಮೇಲಿನ ಬಾಣ ನಾಜಲ್ ಕಡೆ ಇರಬೇಕು. ಉಲ್ಟಾ ಹಾಕಿದರೆ ಒಂದು ಹನಿಯೂ ಬರುವುದಿಲ್ಲ. ಮೊದಲೇ ವಾಲ್ವ್ ಇರುವ ಕಾರಿನಲ್ಲಿ ಅದೇ ಕಟ್ಟಿಕೊಂಡಿರಬಹುದು, ಊದಿ ನೋಡಿ. ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕು.

ಹೆಜ್ಜೆ 4: ನಾಜಲ್

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ವಿಜಯಪುರ ಕಡೆಯವರೇ, ಇದು ನಿಮಗೆ. ನಲ್ಲಿಯ ಮೂತಿಗೆ, ಗೀಸರ್ ಕಾಯಿಲ್‌ಗೆ ಹಿಡಿಯುವ ಬಿಳಿ ಉಪ್ಪೇ ಇಲ್ಲೂ ಹಿಡಿಯುವುದು. ನಾಜಲ್ ತೂತು ಸಾಸಿವೆ ಕಾಳಿಗಿಂತ ಸಣ್ಣದು. ಬಿಸಿಲಿಗೆ ಕಾದ ಬಾನೆಟ್ ಮೇಲೆ ಉಳಿದ ಹನಿ ಆರಿ ಉಪ್ಪು ಬಿಡುತ್ತದೆ. ದಿನಾ ಒಂದು ಪದರ.

ನಾಜಲ್ ಬಾನೆಟ್ ಮೇಲಿದ್ದರೆ ಒಳಗಿನಿಂದ ಅದರ ಎರಡು ಕಿವಿ (ಕ್ಲಿಪ್) ಒತ್ತಿ ಹಿಡಿದು ಮೇಲಕ್ಕೆ ದಬ್ಬಿ. ಹಳೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ ಅನ್ನಿಸಿದರೆ ತೆಗೆಯಲೇಬೇಡಿ, ಇದ್ದಲ್ಲೇ ಕೆಲಸ ಮಾಡಿ. ಹೊರಬಂದರೆ ಬಟ್ಟಲಿನಲ್ಲಿ ವಿನೆಗರ್ ಮತ್ತು ಬಿಸಿನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಹಾಕಿ. ವಿನೆಗರ್ ಇಲ್ಲವಾ? ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿ ಒಂದು ಚಮಚ ಕರಗಿಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಬಣ್ಣ, ರಬ್ಬರ್, ಕೈ ಎಲ್ಲಕ್ಕೂ ಕೆಟ್ಟದ್ದು.

ನೆನೆದ ಮೇಲೆ ಸೂಜಿಯಿಂದ ಉಪ್ಪನ್ನು ಮೆಲ್ಲಗೆ ಕೆದಕಿ. ಒಳಕ್ಕೆ ದಬ್ಬಿದರೆ ಕಸ ಒಳಗೇ ಉಳಿದು ಮತ್ತೆ ಬಂದು ಅಡ್ಡ ಕೂರುತ್ತದೆ. ಹೊರ ತೂತಿನ ಕಡೆಯಿಂದ ಗಾಳಿ ಊದಿ, ಕಸ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಬಿಡಿಸಿದರೆ ಇನ್ನೂ ಚೆನ್ನ. ಆದರೆ ನಾಜಲ್ ಟ್ಯೂಬಿನಿಂದ ಬಿಚ್ಚಿರಬೇಕು. ಇಲ್ಲದಿದ್ದರೆ ಆ ಒತ್ತಡಕ್ಕೆ ಹಿಂದಿನ ಜಾಯಿಂಟ್ ಎಲ್ಲಾದರೂ ಕಳಚಿಕೊಳ್ಳುತ್ತದೆ.

ಹೆಜ್ಜೆ 5: ಸದ್ದೇ ಇಲ್ಲದಿದ್ದರೆ

ಮೊದಲು ವೈಪರ್ ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ವೈಪರ್, ವಾಷರ್ ಎರಡಕ್ಕೂ ಒಂದೇ ಫ್ಯೂಸ್. ವೈಪರೂ ಸತ್ತಿದ್ದರೆ ಫ್ಯೂಸ್ ಡಬ್ಬಿ ತೆರೆಯಿರಿ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದು ಹಾಕಿ. ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10, ನೀಲಿ 15, ಹಳದಿ 20. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣತನ ಬೇಡ. ಫ್ಯೂಸ್ ಸುಡುವ ಬದಲು ವೈರಿಂಗ್ ಸುಡುತ್ತದೆ.

ವೈಪರ್ ಓಡುತ್ತಿದ್ದರೆ ಮೋಟರಿನ ಕಪ್ಲರ್ ತೆಗೆದು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ ತೆಗೆಯಿರಿ. ಟೆಸ್ಟ್ ಬಲ್ಬಿನ ಎರಡು ವೈರನ್ನು ಕಪ್ಲರಿನ ಎರಡು ತುದಿಗೆ ತಾಗಿಸಿ, ಲಿವರ್ ಎಳೆಸಿ. ಬಲ್ಬ್ ಹತ್ತಿತಾ? ಕರೆಂಟು ಬರುತ್ತಿದೆ, ಮೋಟರ್ ಓಡುತ್ತಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರನ್ನು ಎರಡು ಸಲ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿದರೂ ಅದನ್ನು ನಂಬಬೇಡಿ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿರುತ್ತದೆ, ಮುಂದಿನ ಮಳೆಗೆ ಮತ್ತೆ ಕೈ ಕೊಡುತ್ತದೆ. ಈಗ ಮಾತ್ರ ಹೊಸ ಮೋಟರ್ ತರುವುದು ನ್ಯಾಯ.

ಹತ್ತದಿದ್ದರೆ ಬಲ್ಬಿನ ಒಂದು ವೈರನ್ನು ಬ್ಯಾಟರಿ ಮೈನಸ್‌ಗೆ ಹಿಡಿದು, ಇನ್ನೊಂದನ್ನು ಕಪ್ಲರಿನ ಒಂದೊಂದೇ ತುದಿಗೆ ತಾಗಿಸಿ, ಲಿವರ್ ಎಳೆಸಿ. ಈಗ ಹತ್ತಿದರೆ ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ಕಡಿದಿದೆ. ಕಾರಿನ ಲೋಹದ ಮೈಗೆ ತಾಗುವ ವೈರಿನ ಸ್ಕ್ರೂ ಬಿಚ್ಚಿ, ತುಕ್ಕು ಉಜ್ಜಿ ಬಿಗಿ ಮಾಡಿ. ಆಗಲೂ ಹತ್ತದಿದ್ದರೆ ಲಿವರಿನ ಸ್ವಿಚ್ಚೋ, ನಡುವಿನ ವೈರೋ ಕೆಟ್ಟಿದೆ. ಅಲ್ಲಿಗೆ ನಾನು ಕೈ ಹಾಕುವುದಿಲ್ಲ, ಎಲೆಕ್ಟ್ರಿಷಿಯನ್ ಹತ್ತಿರ ಹೋಗುತ್ತೇನೆ. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ನೀವೂ ಹೋಗಿ.

ಹೊಸ ಮೋಟರ್ ಕೂರಿಸುವಾಗ ರಬ್ಬರ್ ಬುಷ್ಷನ್ನೂ ಹೊಸದೇ ಹಾಕಿ. ಬುಷ್‌ಗೆ ಸೋಪಿನ ನೀರು ಸವರಿದರೆ ಸಲೀಸಾಗಿ ಒಳಹೋಗುತ್ತದೆ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ರಾತ್ರಿ ತುಂಬಿಸಿದ ಟ್ಯಾಂಕ್ ಬೆಳಿಗ್ಗೆ ಖಾಲಿ ಅನ್ನುವವರು ಮೊದಲು ನೋಡಬೇಕಾದ್ದೂ ಈ ಬುಷ್ಷನ್ನೇ. ಟ್ಯಾಂಕೇ ಸೀಳಿದ್ದರೆ ಎಪಾಕ್ಸಿ ಅಂಟು ಹಚ್ಚಿ ಸಮಯ ಕಳೆಯಬೇಡಿ, ಆ ಪ್ಲಾಸ್ಟಿಕ್‌ಗೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಹೆಜ್ಜೆ 6: ಗುರಿ ಹಿಡಿಯುವುದು

ನೀರು ಬಂತು. ಆದರೆ ಒಂದು ಧಾರೆ ವೈಪರ್ ಬುಡಕ್ಕೆ ಬೀಳುತ್ತದೆ, ಇನ್ನೊಂದು ಕಾರಿನ ತಲೆ ಹಾರಿ ಹಿಂದಿನ ಸ್ಕೂಟರಿನವರಿಗೆ ಪ್ರೋಕ್ಷಣೆ. ನನಗೆ ಇಡೀ ಕೆಲಸದಲ್ಲಿ ಖುಷಿ ಕೊಡುವ ಭಾಗ ಇದೇ.

ಕಾರನ್ನು ಸಮತಟ್ಟು ಜಾಗದಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ ನಿಲ್ಲಿಸಿ. ಗಾಜು ಒದ್ದೆ ಮಾಡಿ ವೈಪರ್ ಒಂದು ಸಲ ಓಡಿಸಿ. ಅದು ಒರೆಸುವ ಬಿಲ್ಲಿನ ಆಕಾರ ಕಾಣುತ್ತದೆ. ಆಮೇಲೆ ಗಾಜು ಒರೆಸಿ ಗುರಿ ಗುರುತು ಮಾಡಿ. ನಾನು ಮನೆಯವಳ ಹಣೆಬೊಟ್ಟಿನ ಸ್ಟಿಕರ್ ನಾಲ್ಕು ತಂದು ಗಾಜಿನ ಒಳಗಡೆ ಅಂಟಿಸಿದೆ. ಹೊರಗಡೆ ಅಂಟಿಸಿದರೆ ನೀರಿಗೆ ಹಾರಿಹೋಗುತ್ತವೆ. "ಕಾರಿಗೆ ಬೇರೆ ಬೊಟ್ಟು ಇಡ್ತಿದೀರಾ?" ಅಂತ ಕೇಳಿಸಿಕೊಂಡದ್ದೂ ಆಯಿತು.

ಬೊಟ್ಟು ಎಲ್ಲಿ ಇಡಬೇಕು? ವೈಪರ್ ಒರೆಸುವ ಜಾಗದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಾರು ಓಡುವಾಗ ಗಾಳಿ ಧಾರೆಯನ್ನು ಕೆಳಗೆ ತಳ್ಳುತ್ತದೆ. ನಿಂತ ಕಾರಿನಲ್ಲಿ ಸರಿಯಾಗಿ ನಡುವೆ ಬೀಳುವ ನೀರು ಹೈವೇಯಲ್ಲಿ ವೈಪರ್ ಬುಡಕ್ಕೆ ಇಳಿದಿರುತ್ತದೆ. ಒಂದು ನಾಜಲ್‌ಗೆ ಎರಡು ತೂತಿದ್ದರೆ ಒಂದು ಧಾರೆ ಡ್ರೈವರ್ ಕಣ್ಣಿನ ನೇರಕ್ಕೆ, ಇನ್ನೊಂದು ಪಕ್ಕಕ್ಕೆ ಇರಲಿ. ಎರಡೂ ಕಡೆ ಹೊಂದದಿದ್ದರೆ ಬಲಗಡೆಯದಕ್ಕೇ ಮೊದಲ ಮರ್ಯಾದೆ. ಓಡಿಸುವವರು ಅಲ್ಲಿ ಕೂರುವುದು.

ನಾಜಲ್ ಬಾಯಲ್ಲಿ ಸಣ್ಣ ಗುಂಡು ಕಾಣಿಸಿದರೆ ಅದು ತಿರುಗುತ್ತದೆ. ತೂತಿಗೆ ಸರಿಯಾಗಿ ಕೂರುವ ಗುಂಡುಪಿನ್ ಸ್ವಲ್ಪವೇ ತೂರಿಸಿ, ಕೂದಲೆಳೆಯಷ್ಟು ತಿರುಗಿಸಿ. ಇಲ್ಲಿ ಕೂದಲೆಳೆ ಅಂದರೆ ಗಾಜಿನ ಮೇಲೆ ಒಂದು ಗೇಣು. ತಿರುಗಿಸಿ, ಲಿವರ್ ಎಳೆಸಿ, ನೋಡಿ, ಮತ್ತೆ ತಿರುಗಿಸಿ. ಗುಂಡು ಬಿಗಿಯಾಗಿದ್ದರೆ ಬಿಸಿನೀರು ಬಿಟ್ಟು ಕಾಯಿರಿ. ಪಿನ್ ಒಳಗೆ ಮುರಿದರೆ ಹೊಸ ನಾಜಲ್ಲೇ ಗತಿ. ಧಾರೆಯ ಬದಲು ಬೀಸಣಿಗೆ ಥರ ನೀರು ಎರಚುವ ನಾಜಲ್ ಇದ್ದರೆ ಅದಕ್ಕೆ ಪಿನ್ ಹಾಕಬೇಡಿ, ಒಳಗಿನ ನಾಜೂಕು ದಾರಿ ಹಾಳಾಗುತ್ತದೆ.

ಕೊನೆಗೆ ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಒಂದು ಸಲ ಎಳೆದು ನೋಡಿ. ಹಿಂದೆ ದ್ವಿಚಕ್ರದವರು ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡೇ ಎಳೆಯಿರಿ.

ಟ್ಯಾಂಕಿಗೆ ಏನು ಹಾಕಬೇಕು

ಬೋರ್‌ವೆಲ್ ನೀರು ಬೇಡ, ಕಾರಣ ಈಗ ಗೊತ್ತಲ್ಲ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ವೇಸ್ಟ್ ನೀರು ಇನ್ನೂ ಕೆಟ್ಟದ್ದು, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮಳೆನೀರು ಸೋಸಿ ಹಾಕಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಬಹಳ ಒಳ್ಳೆಯದು. ಒಂದು ಲೀಟರಿಗೆ ಕಾರ್ ಶಾಂಪೂ ಐದಾರು ಹನಿ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಸುರಿದರೆ ನೊರೆ ಬಂದು, ರಾತ್ರಿ ಎದುರಿನ ಗಾಡಿ ಲೈಟಿಗೆ ಗಾಜೆಲ್ಲ ಮಬ್ಬು. ಅಂಗಡಿಯಲ್ಲಿ ಸಿಗುವ ವಾಷರ್ ಫ್ಲೂಯಿಡ್ ಆದರೆ ಬಾಟಲಿ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ.

ಎಷ್ಟೋ ತಿಂಗಳು ಬಳಸದ ಕಾರಿನ ಹಳೆ ನೀರನ್ನು ಚೆಲ್ಲಿಬಿಡಿ. ಬೆಚ್ಚಗಿನ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶ್ವಾಸಕೋಶಕ್ಕೆ ತೊಂದರೆ ಕೊಡುವಂಥದ್ದು. ಬರೀ ನೀರು ತುಂಬಿದ ವಾಷರ್‌ಗೂ ಆ ಕಾಯಿಲೆಗೂ ನಂಟು ಇರಬಹುದು ಅಂತ ಬ್ರಿಟನ್‌ನ ಒಂದು ಅಧ್ಯಯನ 2010ರಲ್ಲೇ ಹೇಳಿತ್ತು. ಲೇಹ್ ಕಡೆ ಚಳಿಯಲ್ಲಿ ಹೋಗುವವರು, ಹಿಮ ಬೀಳುವ ದೇಶದಲ್ಲಿರುವವರು ಹೆಪ್ಪುಗಟ್ಟದ ಫ್ಲೂಯಿಡ್ಡನ್ನೇ ಹಾಕಬೇಕು. ಬರೀ ನೀರು ಮಂಜುಗಡ್ಡೆಯಾದರೆ ಟ್ಯಾಂಕು, ಮೋಟರು ಎರಡೂ ಒಡೆಯಬಹುದು.

ವೈಪರ್ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಇದೇ ದಿನ ಬದಲಾಯಿಸಿ. ಮತ್ತೆ, ಹಳೆ ಕಾರುಗಳಲ್ಲಿ ಎಷ್ಟೋ ಕಡೆ ನೀರು ಬಿಟ್ಟರೆ ವೈಪರ್ ತಾನಾಗಿ ಓಡುವುದಿಲ್ಲ. ಮೊದಲು ನೀರು, ಒಂದು ಉಸಿರು ಬಿಡುವಷ್ಟು ಹೊತ್ತು ಕಾದು ಆಮೇಲೆ ವೈಪರ್. ಮಂಡ್ಯದ ಹತ್ತಿರ ನಾನು ನೀರೇ ಇಲ್ಲದೆ ವೈಪರ್ ಹಾಕಿದ್ದೆ. ಆಗ ಬಿದ್ದ ಗೀರು ಗಾಜಿನ ಮೇಲೆ ಈಗಲೂ ಇದೆ, ಸಂಜೆ ಬಿಸಿಲಿಗೆ ಚೆನ್ನಾಗಿ ಕಾಣುತ್ತದೆ.